ನೀರಿಗೆ ದಾರಿ ಬಿಟ್ಟ ಬೇಲಿ

ದೋಣಿ ಮೇಸ್ತ್ರಿಗೆ ಒಂದು ಕಡೆ ಕೂತು ಕೆಲಸ ಮಾಡುವುದೇ ಆಗುತ್ತಿರಲಿಲ್ಲ. ಬಾಚಿ ಕೈಗೆತ್ತಿಕೊಂಡು ಹಲಗೆಯ ಮೇಲೆ ನಾಲ್ಕು ಏಟು ಹಾಕುವಷ್ಟರಲ್ಲಿ ಎದ್ದು ಬಾಗಿಲಿಗೆ ಬರುವುದು, ನೀರು ಎಲ್ಲಿಯವರೆಗೆ ಬಂತು ಅಂತ ನೋಡುವುದು, ಮತ್ತೆ ಹೋಗಿ ಕೂರುವುದು, ಮತ್ತೆ ಏಳುವುದು. ದಿನಕ್ಕೆ ಹತ್ತು ಸಲವಲ್ಲ, ನೂರು ಸಲ.

"ಕಾಲು ಸುಟ್ಟ ಬೆಕ್ಕಿನ ಹಾಗೆ ಓಡಾಡ್ತೀರಲ್ರೀ, ನೀವು ನೋಡಿದ್ರೆ ನೀರು ನಾಚಿಕೊಂಡು ವಾಪಸ್ ಹೋಗುತ್ತಾ?" ಅಂತ ಹೆಂಡತಿ ಕೇಳಿದರೆ, "ಸುಮ್ನಿರೇ" ಅನ್ನುತ್ತಿದ್ದ. ಅಷ್ಟೇ.

ಅವನ ಶೆಡ್ ಇದ್ದದ್ದು ಹೊಳೆ ಸಮುದ್ರ ಸೇರುವ ಕಡೆ, ಕೆಸರು ದಂಡೆಯ ಮೇಲೆ. ತಗಡಿನ ಮಾಡು, ಮೂರು ಕಡೆ ಹಲಗೆ ಗೋಡೆ, ನೀರಿನ ಕಡೆ ತೆರೆದ ಬಾಯಿ. ಅಪ್ಪನ ಕಾಲದಿಂದ ಅಲ್ಲೇ ದೋಣಿ ರಿಪೇರಿ. ಒಡೆದ ಹಲಗೆ ಬದಲಿಸುವುದು, ಸಂದಿಗೆ ಹತ್ತಿ ತುರುಕಿ ಎಣ್ಣೆ ಬಳಿಯುವುದು, ತಳ ಕೆರೆಯುವುದು. ಮದುವೆಯಾದ ವರ್ಷ ಶೆಡ್ಡಿನ ಬಾಗಿಲಿಂದ ನೀರಿಗೆ ಅರವತ್ತು ಹೆಜ್ಜೆ ಇತ್ತು. ಮಗಳನ್ನು ಮದುವೆ ಮಾಡಿ ಕಳಿಸಿದ ವರ್ಷ ನಲವತ್ತು. ಈಗ ಹದಿನೇಳು. ಅಮಾವಾಸ್ಯೆ, ಹುಣ್ಣಿಮೆಯ ದೊಡ್ಡ ಉಬ್ಬರ ಬಂದರೆ ಹದಿನೇಳೂ ಇಲ್ಲ. ನೀರು ಹೊಸ್ತಿಲು ನೆಕ್ಕಿ ಹೋಗುತ್ತಿತ್ತು.

ಮಳೆಗಾಲಕ್ಕೆ ಇನ್ನು ಎರಡು ತಿಂಗಳಿದೆ ಅನ್ನುವಾಗ ಅವನಿಗೆ ತಡೆಯಲಾಗಲಿಲ್ಲ. ಪೇಟೆಯಲ್ಲಿ ಯಾವುದೋ ಹಳೆಯ ಕಟ್ಟಡ ಕೆಡವುತ್ತಿದ್ದರು. ಅಲ್ಲಿಯ ಕಲ್ಲು, ಕಾಂಕ್ರೀಟ್ ಚೂರು, ಮುರಿದ ಇಟ್ಟಿಗೆ ಎಲ್ಲ ಲಾರಿ ಮೇಲೆ ಲಾರಿ ಹೇರಿಸಿ ತಂದು ಶೆಡ್ಡಿನ ಮುಂದೆ ಸುರಿಸಿದ. ನಾಲ್ಕು ಜನರನ್ನು ಕರೆದು ಎದೆಯೆತ್ತರಕ್ಕೆ ಗೋಡೆ ಪೇರಿಸಲು ನಿಂತ.

ಹೆಂಡತಿಯ ತಂಗಿ ಬಂದದ್ದು ಆಗ. ಅವಳಿಗೆ ಹೊಳೆಯ ಆಚೆ ದಂಡೆಯಲ್ಲಿ ಕಾಂಡ್ಲ ಸಸಿ ಬೆಳೆಸುವ ನರ್ಸರಿಯಲ್ಲಿ ಕೆಲಸ. ಕಾಂಡ್ಲ ಅಂದರೆ ಉಪ್ಪುನೀರಲ್ಲೇ ಬದುಕುವ, ಕೆಸರೊಳಗೆ ಬೇರುಗಳನ್ನು ಕಾಲಿನ ಹಾಗೆ ಊರಿ ನಿಲ್ಲುವ ಮರ. ಏಳು ವರ್ಷದಿಂದ ದಿನವಿಡೀ ಮೊಣಕಾಲುದ್ದ ಕೆಸರಲ್ಲಿ ನಿಂತು ನಿಂತು, ಊರಿಗೆಲ್ಲ ಅವಳು ಕೆಸರಕ್ಕ ಆಗಿಬಿಟ್ಟಿದ್ದಳು. ಅವಳಿಗೂ ಆ ಹೆಸರಿನ ಮೇಲೆ ಸಿಟ್ಟಿರಲಿಲ್ಲ.

"ಭಾವ, ಇದೇನಿದು?"

"ಕಣ್ಣಿಗೆ ಕಾಣಲ್ವಾ? ಕಲ್ಲು."

"ಕಲ್ಲು ಅಂತ ಗೊತ್ತಾಯ್ತು. ಯಾಕೆ ಅಂತ ಕೇಳಿದ್ದು."

"ಮದ್ವೆ ಚಪ್ಪರ ಹಾಕೋಕೆ." ಮೇಸ್ತ್ರಿ ಬೆವರು ಒರೆಸಿಕೊಂಡ. "ನೀರು ತಡೆಯೋಕಮ್ಮ, ಇನ್ಯಾಕೆ? ಶೆಡ್ ಉಳೀಬೇಕೋ ಬೇಡ್ವೋ?"

ಕೆಸರಕ್ಕ ಗೋಡೆಯ ಉದ್ದಕ್ಕೆ ಒಮ್ಮೆ ನಡೆದು ಬಂದಳು. "ಉಳೀಬೇಕು. ಆದ್ರೆ ಭಾವ, ಬರೋ ನೀರಿಗೆ ಒಂದು ರಭಸ ಇರುತ್ತಲ್ಲ, ಅದು ಗೋಡೆಗೆ ಬಡಿದ ಮೇಲೆ ಎಲ್ಲಿಗೆ ಹೋಗ್ಬೇಕು?"

"ವಾಪಸ್ ಸಮುದ್ರಕ್ಕೆ."

"ಬರಿಗೈಲಿ ಹೋಗಲ್ಲ ಅದು. ಬುಡದ ಮಣ್ಣು ಎತ್ತಿಕೊಂಡು ಹೋಗುತ್ತೆ. ಉಳಿದ ನೀರು ಗೋಡೆ ಎಲ್ಲಿ ಮುಗಿಯುತ್ತೋ ಅಲ್ಲಿ ತಿರುಗಿ ಪಕ್ಕದವರ ಜಾಗ ಕೊರೆಯುತ್ತೆ. ಬನ್ನಿ, ತೋರಿಸ್ತೀನಿ."

ಶೆಡ್ಡಿನ ಮೂಲೆಯಲ್ಲಿದ್ದ ಕಬ್ಬಿಣದ ಬಾಣಲಿಗೆ ಅವಳು ಒದ್ದೆ ಮರಳು ಹಾಕಿ ಇಳಿಜಾರು ಮಾಡಿದಳು. ಅದರ ನಡುವೆ ಒಂದು ಇಟ್ಟಿಗೆ ಚೂರು ನಿಲ್ಲಿಸಿ, ಇನ್ನೊಂದು ತುದಿಗೆ ನೀರು ಹೊಯ್ದು ಅಂಗೈಯಿಂದ ಅಲೆ ಎಬ್ಬಿಸಿದಳು. ಹತ್ತು ಅಲೆಗೆ ಇಟ್ಟಿಗೆಯ ಬುಡದಲ್ಲಿ ತಗ್ಗು ಬಿತ್ತು. ಇಪ್ಪತ್ತಕ್ಕೆ ಎರಡೂ ಪಕ್ಕದಲ್ಲಿ ಮರಳು ಜರಿದು, ಇಟ್ಟಿಗೆ ಮುಂದಕ್ಕೆ ವಾಲಿತು. ಆಮೇಲೆ ಇಟ್ಟಿಗೆ ತೆಗೆದು, ಮರಳು ಸರಿಮಾಡಿ, ಪೊರಕೆ ಕಡ್ಡಿಗಳನ್ನು ಮುರಿದು ಒತ್ತೊತ್ತಾಗಿ ಚುಚ್ಚಿದಳು. ಅಲೆ ಕಡ್ಡಿಗಳ ನಡುವೆ ನುಸುಳಿತು, ಸುಸ್ತಾಯಿತು, ಮೆಲ್ಲಗೆ ಹಿಂದೆ ಹೋಯಿತು. ಮರಳು ಅಲ್ಲಾಡಲಿಲ್ಲ.

ಕೆಲಸದವರು ಕಲ್ಲು ಕೆಳಗಿಟ್ಟು ನೋಡುತ್ತಿದ್ದರು. ಮೇಸ್ತ್ರಿಗೆ ಅದೇ ಸಹಿಸಲಾಗಲಿಲ್ಲ.

"ಬಾಣಲೀಲಿ ಆಟ ಆಡೋಕೆ ಚೆನ್ನಾಗಿದೆ. ಇದು ಸಮುದ್ರ ಕಣಮ್ಮ. ನೀನು ಕಡ್ಡಿ ನೆಟ್ಟು ಅದು ಮರ ಆಗೋವರೆಗೂ ನಾನು ಶೆಡ್ಡನ್ನ ತಲೆ ಮೇಲೆ ಹೊತ್ತುಕೊಂಡು ನಿಂತಿರ್ಲಾ?"

"ಮರ ಇತ್ತಲ್ಲ ಭಾವ ಇಲ್ಲಿ. ಕಡಿದೋರು ಯಾರು?"

ಮೇಸ್ತ್ರಿ ಒಂದು ಕಲ್ಲು ಎತ್ತಿ ಗೋಡೆಗೆ ಇಟ್ಟ. ಹನ್ನೆರಡು ವರ್ಷದ ಹಿಂದೆ ಈ ದಂಡೆಯ ತುಂಬ ಕಾಂಡ್ಲ ಹಬ್ಬಿತ್ತು. ದೊಡ್ಡ ದೋಣಿ ಮೇಲೆಳೆಯಲು ಅಡ್ಡ, ಸೊಳ್ಳೆ ಕಾಟ, ಸೌದೆಗೂ ಆಯಿತು ಅಂತ ಹತ್ತಿಪ್ಪತ್ತು ಜನ ಸೇರಿ ಒಂದೇ ವಾರದಲ್ಲಿ ಕಡಿದು ಬಯಲು ಮಾಡಿದ್ದರು. ಮೊದಲ ಕೊಡಲಿ ಏಟು ಮೇಸ್ತ್ರಿಯದೇ.

"ಹೋಗು, ಅಕ್ಕ ಊಟಕ್ಕೆ ಕಾಯ್ತಿದ್ದಾಳೆ" ಅಂದು ಅವನು ಬೆನ್ನು ತಿರುಗಿಸಿದ.

ಗೋಡೆ ಎದ್ದಿತು. ಮಳೆಗಾಲ ಶುರುವಾಯಿತು. ಮೊದಲ ದೊಡ್ಡ ಉಬ್ಬರಕ್ಕೆ ಅಲೆಗಳು ಬಂದು ಕಲ್ಲಿಗೆ ಢಬ್ ಢಬ್ ಅಂತ ಅಪ್ಪಳಿಸಿದವು. ಒಂದು ತೊಟ್ಟು ನೀರೂ ಹೊಸ್ತಿಲಿಗೆ ಬರಲಿಲ್ಲ. ಮೇಸ್ತ್ರಿ ಗೋಡೆಯ ಮೇಲೆ ಕೈಯಿಟ್ಟು ನಿಂತು, ಹೋಗಿ ಬರುವವರಿಗೆಲ್ಲ ಕೇಳಿಸುವ ಹಾಗೆ ನಕ್ಕ. ಎಷ್ಟೋ ತಿಂಗಳ ಮೇಲೆ ಒಂದಿಡೀ ಹಲಗೆಯನ್ನು ಎದ್ದುಹೋಗದೆ ಕೆತ್ತಿ ಮುಗಿಸಿದ.

ಈ ನೆಮ್ಮದಿ ಐದು ವಾರ ಬಾಳಿತು.

ಮೇಸ್ತ್ರಿಯ ಗೋಡೆ ಮುಗಿಯುವಲ್ಲಿಂದ ಐವತ್ತು ಹೆಜ್ಜೆಗೆ ಅವನ ಅತ್ತಿಗೆಯ ಮನೆ. ಅಣ್ಣ ತೀರಿಹೋಗಿ ಒಂಬತ್ತು ವರ್ಷ. ಅತ್ತಿಗೆ ಹರಿದ ಬಲೆ ಹೊಲಿದು ಕೊಟ್ಟು ತನ್ನ ಪಾಡು ತಾನು ನೋಡಿಕೊಳ್ಳುತ್ತಿದ್ದಳು. ಮೇಸ್ತ್ರಿ ಚಿಕ್ಕವನಿದ್ದಾಗ ತಾಯಿ ಇಲ್ಲದ ಅವನನ್ನು ಸಾಕಿದ್ದೇ ಈ ಅತ್ತಿಗೆ. ಇವತ್ತಿಗೂ ಅವಳೆದುರು ಅವನು ದನಿ ಎತ್ತುತ್ತಿರಲಿಲ್ಲ.

ಅದೊಂದು ಅಮಾವಾಸ್ಯೆಯ ಮಧ್ಯಾಹ್ನ. ಉಬ್ಬರ ತುಂಬಿ ನಿಂತಿತ್ತು. ಮೇಸ್ತ್ರಿ ಶೆಡ್ಡಿನಲ್ಲಿ ಸಂದಿಗೆ ಹತ್ತಿ ತುರುಕುತ್ತಿದ್ದಾಗ ಹೊರಗೆ ಗೋಣಿ ಮೂಟೆ ಉರುಳಿದಂಥ ಸದ್ದಾಯಿತು. ಮರುಕ್ಷಣ ಅವನ ಹೆಂಡತಿ ಕೂಗಿದ್ದು ಕೇಳಿಸಿತು. "ರೀ! ನಿಮ್ಮ ಅತ್ತಿಗೆ ಮನೆ!"

ಮೇಸ್ತ್ರಿ ಉಳಿ ಕೈಯಲ್ಲಿ ಹಿಡಿದೇ ಓಡಿದ. ಅತ್ತಿಗೆಯ ಅಡುಗೆಮನೆಯ ಹಿಂದಿನ ಗೋಡೆ ಇರಲಿಲ್ಲ. ಗೋಡೆ ಇದ್ದ ಜಾಗದಲ್ಲಿ ನೀರು ಸುತ್ತು ಹಾಕುತ್ತಿತ್ತು. ಒಂದು ಪಾತ್ರೆ, ಒಂದು ಮಣೆ, ನೆಲದ ಸಿಮೆಂಟ್ ತುಂಡು. ಮಾಡಿನ ತೊಲೆಗಳು ಗಾಳಿಯಲ್ಲಿ ಚಾಚಿಕೊಂಡಿದ್ದವು.

"ಅತ್ತಿಗೆ! ಅತ್ತಿಗೆ!"

"ಇಲ್ಲಿದೀನಪ್ಪ."

ಅವಳು ಮುಂದಿನ ಜಗುಲಿಯಲ್ಲಿದ್ದಳು. ತೊಡೆಯ ಮೇಲೆ ಬಲೆ ಹಾಗೇ ಹರಡಿತ್ತು. ಬಲೆ ಹೊಲಿಯಲು ಬೆಳಕು ಬೇಕು ಅಂತ ಹೊರಗೆ ಬಂದು ಕೂತಿದ್ದರಿಂದ ಬದುಕಿದ್ದಳು. ಗಂಟು ಬಿಟ್ಟುಹೋಗಬಾರದೆಂಬಂತೆ ದಾರದ ತುದಿಯನ್ನು ಬೆರಳಿಗೆ ಸುತ್ತಿಕೊಂಡಿದ್ದಳು.

"ಏಟಾಯ್ತಾ? ಎಲ್ಲಾದ್ರೂ ಏಟಾಯ್ತಾ?"

"ನನಗೇನಿಲ್ಲ. ಒಲೆ ಹೋಯ್ತು." ಅತ್ತಿಗೆ ಅವನ ತಲೆಯಾಚೆ ನೋಡಿದಳು. "ನಿನ್ನ ಗೋಡೆ ಗಟ್ಟಿಯಾಗಿ ನಿಂತಿದೆ ಅಲ್ವಾ? ಅದು ಒಳ್ಳೇದಾಯ್ತು."

ಚುಚ್ಚಿ ಹೇಳಿದ್ದಲ್ಲ ಅದು. ನಿಜವಾಗಿಯೂ ಕೇಳಿದ್ದು. ಅದೇ ಮೇಸ್ತ್ರಿಗೆ ಮುಳ್ಳಿನಂತೆ ನೆಟ್ಟಿತು.

ಅತ್ತಿಗೆಯನ್ನು ತನ್ನ ಮನೆಗೆ ಕರೆತಂದ. ಯಾರೂ ಏನೂ ಕೇಳದಿದ್ದರೂ ತಾನೇ ಹೇಳತೊಡಗಿದ. "ಈ ವರ್ಷ ಮಳೆ ಜಾಸ್ತಿ. ಹಳೇ ಮಣ್ಣಿನ ಗೋಡೆ ಬೇರೆ." ಸ್ವಲ್ಪ ಹೊತ್ತು ಬಿಟ್ಟು, "ಗಾಳಿಯ ದಿಕ್ಕೇ ಬದಲಾಗಿದೆ ಈ ಸಲ." ಹೆಂಡತಿ ತಟ್ಟೆಗೆ ಅನ್ನ ಬಡಿಸಿದಳು. ಅವನು ಎರಡು ತುತ್ತು ತಿಂದು ಎದ್ದ. ಅಂಗಳಕ್ಕೆ ಹೋದ, ಬಂದ. ಮತ್ತೆ ಹೋದ.

ಮರುದಿನ ನೀರು ಪೂರ್ತಿ ಇಳಿದ ಹೊತ್ತಿಗೆ ಒಬ್ಬನೇ ಗೋಡೆಯ ಹತ್ತಿರ ಹೋದ. ಗೋಡೆ ಮುಗಿಯುವ ತುದಿಯಲ್ಲಿ ದಂಡೆಯನ್ನು ಯಾರೋ ದೊಡ್ಡ ಸೌಟಿನಿಂದ ತೋಡಿದ ಹಾಗೆ ಹಳ್ಳ ಬಿದ್ದಿತ್ತು. ಇಳಿದು ನಿಂತರೆ ಸೊಂಟದವರೆಗೆ ಬಂತು. ಆ ತೋಡು ಅಲ್ಲಿಂದ ಸೀದಾ ಅತ್ತಿಗೆಯ ಅಡುಗೆಮನೆಗೆ ಹೋಗಿತ್ತು. ಕಾಲುವೆ ತೆಗೆದವರೂ ಅಷ್ಟು ನೇರ್ಪಾಗಿ ತೆಗೆಯಲಾರರು. ಆಮೇಲೆ ಗೋಡೆಯ ಬುಡದಲ್ಲಿ ಮಂಡಿಯೂರಿ, ಕಲ್ಲಿನಡಿಗೆ ಕೈ ಹಾಕಿದ. ಕೈ ಹೋಯಿತು. ಮೊಣಕೈ ಹೋಯಿತು. ಭುಜದವರೆಗೂ ಹೋದರೂ ಬೆರಳಿಗೆ ಮಣ್ಣು ಸಿಗಲಿಲ್ಲ. ಗಟ್ಟಿಯಾಗಿ ನಿಂತಿದೆ ಅಂದುಕೊಂಡಿದ್ದ ಗೋಡೆ ಟೊಳ್ಳಿನ ಮೇಲೆ ನಿಂತಿತ್ತು.

ಕೆಸರು ಮೆತ್ತಿದ ಬಟ್ಟೆಯಲ್ಲೇ ದೋಣಿ ಹತ್ತಿ ನರ್ಸರಿಗೆ ಹೋದ. ಕೆಸರಕ್ಕ ಸಸಿಗಳ ಸಾಲಿನಲ್ಲಿ ಬಗ್ಗಿ ನಿಂತಿದ್ದಳು. ಅವನನ್ನು ನೋಡಿ, "ನಾನು ಹೇಳಿರ್ಲಿಲ್ವಾ" ಅನ್ನುತ್ತಾಳೆ ಅಂತ ಅವನು ಹಲ್ಲು ಕಚ್ಚಿಕೊಂಡು ಕಾದ. ಅವಳು ಅನ್ನಲಿಲ್ಲ.

"ಸುದ್ದಿ ಕೇಳ್ದೆ. ನಿಮ್ಮ ಅತ್ತಿಗೆ ಹೇಗಿದಾರೆ ಭಾವ?"

"ಬದುಕಿದಾರೆ." ಅವನು ದಂಡೆಯ ಮೇಲೆ ಅತ್ತಿಂದಿತ್ತ ಹೆಜ್ಜೆ ಹಾಕಿದ. "ಏನ್ ಮಾಡ್ಬೇಕು ಹೇಳು. ಬೇಗ ಹೇಳು."

"ಮೊದ್ಲು ಗೋಡೆ ತೆಗೀಬೇಕು."

"ತೆಗೆದ್ರೆ ನನ್ನ ಶೆಡ್ ಹೋಗುತ್ತೆ!"

"ಶೆಡ್ ಹಿಂದಕ್ಕೆ ಸರಿಸ್ಬೇಕು. ಅಲ್ಲಿ ನೀರಿಗೆ ಜಾಗ ಬೇಕು ಭಾವ. ಅಷ್ಟು ಅಂಚಿನಲ್ಲಿ ಏನು ನೆಟ್ಟರೂ, ಏನು ಕಟ್ಟಿದ್ರೂ ನಿಲ್ಲಲ್ಲ. ಸುಳ್ಳು ಹೇಳಿ ನಿಮ್ಮನ್ನ ಸಮಾಧಾನ ಮಾಡೋಕೆ ನನಗೆ ಬರಲ್ಲ."

"ಅಪ್ಪ ಕಟ್ಟಿದ ಜಾಗ ಅದು!"

"ಅಪ್ಪ ಕಟ್ಟಿದಾಗ ಮುಂದೆ ಕಾಂಡ್ಲ ಇತ್ತು."

ಮೇಸ್ತ್ರಿಗೆ ಮೈಯೆಲ್ಲ ಉರಿಯಿತು. ಬಂದ ದಾರಿಯಲ್ಲೇ ದೋಣಿ ತಿರುಗಿಸಿಕೊಂಡು ಬಂದುಬಿಟ್ಟ. ಮೂರು ದಿನ ಯಾರ ಹತ್ತಿರವೂ ಮಾತಿಲ್ಲ. ಶೆಡ್ಡಿಗೆ ಹೋಗುವುದು, ಬಾಚಿ ಹಿಡಿಯುವುದು, ಇಡುವುದು. ಗೋಡೆ ನೋಡಿದರೆ ಸಿಟ್ಟು, ನೋಡದಿದ್ದರೆ ಭಯ.

ನಾಲ್ಕನೇ ದಿನ ಸಂಜೆ ಅತ್ತಿಗೆ ಅವನ ಮನೆಯ ಜಗುಲಿಯಲ್ಲಿ ಬಲೆ ಹರಡಿಕೊಂಡು ಕೂತಿದ್ದಳು. ಅವನು ಅತ್ತಿಂದಿತ್ತ ಹೋಗುವುದನ್ನು ನೋಡಿ ನೋಡಿ ಸಾಕಾಗಿ, "ಒಂದು ತುದಿ ಹಿಡ್ಕೋ ಬಾ" ಅಂದಳು. ಅವನು ಕೂತು ಬಲೆಯ ಅಂಚು ಹಿಡಿದ. ಕೈಗೆ ಕೆಲಸ ಸಿಕ್ಕಿದ್ದಕ್ಕೋ ಏನೋ, ಬಾಯಿಗೆ ಮಾತು ಬಂತು.

"ಅತ್ತಿಗೆ, ಗೋಡೆ ಕಟ್ಟಿದ್ದು ನಾನು. ನಿಮ್ಮ ಮನೆ ಬಿದ್ದಿದ್ದು ನನ್ನಿಂದ."

"ಗೊತ್ತು."

"ಗೊತ್ತಾ? ಮತ್ತೆ ಒಂದು ಮಾತೂ ಬೈಲಿಲ್ಲ?"

"ಬೈದ್ರೆ ಅಡುಗೆಮನೆ ಏಳುತ್ತಾ?" ಅತ್ತಿಗೆ ದಾರ ಜಗ್ಗಿ ಗಂಟು ಬಿಗಿದಳು. "ಕಾಂಡ್ಲ ಕಡಿದ ವಾರ ನಾನೂ ಕತ್ತಿ ಹಿಡಿದು ಬಂದಿದ್ದೆ ಕಣೋ. ಒಂದು ವರ್ಷದ ಸೌದೆ ಆಯ್ತು ಅಂತ ಹಿಗ್ಗಿದ್ದೆ. ಬೇಡ ಅಂದವರು ನಿನ್ನ ಅಣ್ಣ ಒಬ್ಬರೇ. ಆ ಬೇರಿನ ಸಂದೀಲಿ ಸಿಗಡಿ ಮರಿ, ಮೀನು ಮರಿ ಬೆಳೀತವೆ, ಅಲ್ಲಿ ಬೆಳೆದದ್ದೇ ನಮ್ಮ ಬಲೆಗೆ ಬರೋದು ಅಂದ್ರು. ನಾವೆಲ್ಲ ನಕ್ವಿ. ಈಗ ನೋಡು, ನಾನು ಹೊಲಿಯೋ ಬಲೆಗಳ ಕಣ್ಣು ವರ್ಷ ವರ್ಷ ಚಿಕ್ಕದಾಗ್ತಿದೆ. ದೊಡ್ಡ ಮೀನು ಇಲ್ಲ ಅಂತ ಮರಿಗಳನ್ನೇ ಬಾಚ್ತಿದಾರೆ." ಅವಳು ತಲೆ ಎತ್ತಿದಳು. "ತಪ್ಪು ನಿಂದೊಂದೇ ಅಲ್ಲ. ಆದ್ರೆ ಗೋಡೆ ನಿಂದೊಂದೇ. ಅದನ್ನ ನೀನೇ ಇಳಿಸ್ಬೇಕು."

ಒಳಗಿಂದ ಹೆಂಡತಿ, "ನಾನೂ ಕಲ್ಲು ಹೊರ್ತೀನಿ. ಶೆಡ್ ಹಿತ್ತಲಿಗೆ ಬಂದ್ರೆ ನಂಗೂ ಒಳ್ಳೇದೇ, ಊಟಕ್ಕೆ ಕೂಗಿ ಕೂಗಿ ಗಂಟಲು ನೋಯೋದು ತಪ್ಪುತ್ತೆ" ಅಂದಳು.

ಮೇಸ್ತ್ರಿ ನಕ್ಕನೋ ಅತ್ತನೋ ಅವನಿಗೇ ತಿಳಿಯಲಿಲ್ಲ.

ಮಳೆ ಬಿಡುವು ಕೊಟ್ಟ ವಾರವೇ ಶೆಡ್ ಬಿಚ್ಚಿದ. ಅವನ ಅಪ್ಪ ಮರದ ಗೂಟ ಹೊಡೆದು ಜೋಡಿಸಿದ್ದ ತೊಲೆಗಳು ಒಂದೊಂದೇ ಮೆತ್ತಗೆ ಬಿಟ್ಟುಕೊಂಡವು. ಐವತ್ತು ಹೆಜ್ಜೆ ಹಿಂದೆ, ಎತ್ತರದ ನೆಲದಲ್ಲಿ ಹೊಸ ಶೆಡ್ ಎದ್ದಿತು. ಗೋಡೆಯ ಕಲ್ಲುಗಳೇ ಅದಕ್ಕೂ, ಅದರ ಪಕ್ಕದಲ್ಲೇ ಅತ್ತಿಗೆಗೆ ಕಟ್ಟಿದ ಹೊಸ ಮನೆಗೂ ತಳಪಾಯವಾದವು. ದೋಣಿ ಎಳೆಯಲು ಉದ್ದ ದಾರಿ ಬೇಕಾಯಿತು. ಬೆನ್ನು ನೋವು ಬಂತು. ಬೈದುಕೊಂಡೇ ಎಳೆದ.

ಇನ್ನು ನೆಡುವುದು. ಇಲ್ಲೂ ಅವನಿಗೆ ತಾಳ್ಮೆ ಇಲ್ಲ. ಕೆಸರಕ್ಕ ಬರುವವರೆಗೂ ಕಾಯದೆ ನರ್ಸರಿಯಿಂದ ಮುನ್ನೂರು ಸಸಿ ತಂದು, ಗೋಡೆ ಇದ್ದ ಜಾಗದಲ್ಲೇ, ಅಲೆ ಬಡಿಯುವ ಅಂಚಿಗೆ ಸಾಲಾಗಿ ನೆಟ್ಟ. ಒಂದೇ ದಿನದಲ್ಲಿ ಮುಗಿಸಿ, ಎಲ್ಲರನ್ನೂ ಕರೆದು ತೋರಿಸಿದ. ಎಂಟನೇ ದಿನಕ್ಕೆ ಒಂದೂ ಉಳಿದಿರಲಿಲ್ಲ.

"ನಿನ್ನ ಸಸಿಗಳೇ ಸರಿಯಿಲ್ಲ!" ಅಂತ ಕೆಸರಕ್ಕನ ಮೇಲೆ ಹರಿಹಾಯ್ದ.

"ಹಸುಗೂಸನ್ನ ನಡು ರಸ್ತೇಲಿ ಮಲಗಿಸಿ, ಲಾರಿ ಬಂತು ಅಂತ ಕೂಗಾಡಿದ್ರೆ ಹೇಗೆ ಭಾವ?" ಅವಳೂ ಬಿಡಲಿಲ್ಲ. "ಮೊದ್ಲು ನೀರಿನ ರಭಸ ಇಳೀಬೇಕು. ನೀರು ನಿಧಾನ ಆದ್ರೆ ಅದ್ರಲ್ಲಿರೋ ಹೂಳು ತಳ ಸೇರುತ್ತೆ. ನೆಲ ಏರಿದ ಮೇಲೆ ಸಸಿ. ಅದೂ ಎಲ್ಲೆಂದರಲ್ಲಿ ಅಲ್ಲ. ದಿನಾ ನೀರು ಬಂದು ಹೋಗ್ಬೇಕು, ಆದ್ರೆ ಯಾವಾಗ್ಲೂ ನಿಂತಿರ್ಬಾರ್ದು. ಅಂಥ ಜಾಗ ಹುಡುಕ್ಬೇಕು."

"ರಭಸ ಇಳಿಸೋಕೆ ಮತ್ತೆ ಗೋಡೆನಾ?"

"ಗೋಡೆ ಅಲ್ಲ, ಬೇಲಿ. ಎರಡು ಸಾಲು ಗೂಟ, ನಡುವೆ ಸೊಪ್ಪುಕಡ್ಡಿ. ನೀರು ಒಳಗೆ ಬರ್ಲಿ, ಹೋಗ್ಲಿ. ಓಡ್ಕೊಂಡು ಬರ್ಬಾರ್ದು, ಅಷ್ಟೇ."

ಗೂಟ, ಕಡ್ಡಿ, ಕಟ್ಟು ಅಂದ ತಕ್ಷಣ ಮೇಸ್ತ್ರಿಯ ಕಿವಿ ನೆಟ್ಟಗಾಯಿತು. ಅದು ಅವನ ವಿದ್ಯೆ. ಗೂಟಗಳ ತುದಿ ಚೂಪು ಮಾಡಿ, ಇಳಿತದ ಹೊತ್ತು ನೋಡಿ ನೋಡಿ ಕೆಸರಿಗೆ ಹೊಡೆದ. ಆದರೆ ದೋಣಿ ಕಟ್ಟಿದ ಕೈ ಅಲ್ಲವೇ? ಒಂದು ಹನಿ ನೀರೂ ಸೋರಬಾರದು ಅನ್ನುವ ಹಾಗೆ ಸೊಪ್ಪುಕಡ್ಡಿ ಗಿಡಿದು ತುರುಕಿದ. ಮುಂದಿನ ಉಬ್ಬರಕ್ಕೆ ಬೇಲಿ ಗೋಡೆಯಂತೆಯೇ ಏಟು ತಿಂದು ಮಲಗಿತು. ಊರವರಿಗೆ ನಗು. "ಮೇಸ್ತ್ರಿ, ಬೇಲಿಗೆ ಸ್ವಲ್ಪ ಎಣ್ಣೆ ಬಳಿಯೋದಲ್ವಾ?"

ಮೇಸ್ತ್ರಿ ನಗಲಿಲ್ಲ, ಬೈಯಲೂ ಇಲ್ಲ. ಮುರಿದ ಬೇಲಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು, ನೀರು ಎಲ್ಲಿ ತಡೆಯಿತು, ಎಲ್ಲಿ ನುಸುಳಿತು ಅಂತ ಒಂದಿಡೀ ಇಳಿತ ನೋಡಿದ. ಜೀವಮಾನವೆಲ್ಲ ನೀರನ್ನು ಹೊರಗಿಡುವ ಕೆಲಸ ಮಾಡಿದವನು, ನೀರಿಗೆ ದಾರಿ ಬಿಡುವುದು ಹೇಗೆ ಅಂತ ಮೊದಲ ಸಲ ಯೋಚಿಸಿದ. ಕಡ್ಡಿಗಳನ್ನು ಸಡಿಲ ಮಾಡಿದ. ಸಂದಿಯಲ್ಲಿ ಮುಷ್ಟಿ ತೂರಬೇಕು, ತಲೆ ತೂರಬಾರದು. ಅದೇ ಅವನ ಅಳತೆಯಾಯಿತು. ನಡು ನಡುವೆ ಬಾಗಿಲಿನಂತೆ ಜಾಗ ಬಿಟ್ಟ. ಈ ಬೇಲಿ ನಿಂತಿತು.

ಮೂರು ತಿಂಗಳಿಗೆ ಬೇಲಿಯ ಹಿಂದೆ ಎರಡು ಬೆರಳು ಹೂಳು ಕೂತಿತ್ತು. ಎರಡೇ ಬೆರಳು! ಮೇಸ್ತ್ರಿಗೆ ಹುಚ್ಚು ಹಿಡಿದಂತಾಯಿತು. "ಇದು ಯಾವ ಕಾಲಕ್ಕೆ ತುಂಬುತ್ತೆ?" ಅಂತ ದಿನಾ ಗಲಾಟೆ. "ಹನ್ನೆರಡು ವರ್ಷ ಹಾಳಾಗಿದ್ದು ಮೂರು ತಿಂಗಳಲ್ಲಿ ಸರಿಹೋಗ್ಬೇಕಾ?" ಅಂತ ಕೆಸರಕ್ಕ. ಒಂದು ವರ್ಷಕ್ಕೆ ಹೂಳು ಗೇಣಷ್ಟಾಯಿತು. ಆಗ, ಅವಳು ಗೆರೆ ಎಳೆದು ತೋರಿಸಿದ ಜಾಗದಲ್ಲಿ, ಅವಳು ಆರಿಸಿದ ಸಸಿಗಳನ್ನೇ ನೆಟ್ಟರು. ಎಲ್ಲ ಒಂದೇ ಜಾತಿಯಲ್ಲ. ನೀರಿನ ಹತ್ತಿರಕ್ಕೆ ಒಂದು ಬಗೆ, ಹಿಂದಕ್ಕೆ ಇನ್ನೊಂದು.

ಅದಾದ ಮೇಲೂ ಕಾಟ ತಪ್ಪಲಿಲ್ಲ. ಮೇಕೆಗಳು ಬಂದು ಚಿಗುರು ಕಿತ್ತವು. ಮೇಕೆಯವನ ಮನೆಗೆ ಹೋಗಿ ಜಗಳವಾಡಿ, ಆಮೇಲೆ ಅವನನ್ನೇ ಕಾವಲಿಗೆ ಒಪ್ಪಿಸಿದ್ದಾಯಿತು. ಉಬ್ಬರದಲ್ಲಿ ತೇಲಿಬಂದ ಪ್ಲಾಸ್ಟಿಕ್ ಚೀಲ, ಹರಿದ ಬಲೆ ಸಸಿಗಳಿಗೆ ಸುತ್ತಿಕೊಂಡು ಅವನ್ನು ನೆಲಕ್ಕೆ ಒತ್ತಿಹಿಡಿದವು. ಒಂದು ಬೆಳಿಗ್ಗೆ ಅತ್ತಿಗೆ ಅಂಥದ್ದೊಂದು ಬಲೆಚೂರು ಬಿಡಿಸಿ, ಗಂಟನ್ನು ತಿರುವಿ ನೋಡಿದಳು.

"ಅಯ್ಯೋ, ಇದು ನಾನು ಹಾಕಿದ ಗಂಟು."

ಹಳೇ ಬಲೆಯ ಹರಿದ ಭಾಗ ಕತ್ತರಿಸಿ ಅವಳು ವರ್ಷಗಟ್ಟಲೆ ದಂಡೆಗೇ ಎಸೆದಿದ್ದಳು. ಅವತ್ತಿನಿಂದ ಅವಳ ಜಗುಲಿಯ ಕಂಬಕ್ಕೆ ಒಂದು ಗೋಣಿಚೀಲ ತೂಗಿತು. ಬಲೆ ಕೊಡಲು ಬರುವವರಿಗೆಲ್ಲ ಒಂದೇ ಮಾತು: "ಚೂರೆಲ್ಲ ಇದ್ರೊಳಗೆ. ಹೊರಗೆ ಬಿದ್ರೆ ನಿಮ್ಮ ಬಲೆ ನಾನು ಮುಟ್ಟಲ್ಲ." ಊರಲ್ಲಿ ಬಲೆ ಹೊಲಿಯುವ ಬೇರೆ ಕೈ ಇರಲಿಲ್ಲವಾದ್ದರಿಂದ ಎಲ್ಲರೂ ಬಾಯಿಮುಚ್ಚಿಕೊಂಡು ಚೀಲಕ್ಕೇ ಹಾಕಿದರು.

ನೂರು ಸಸಿ ನೆಟ್ಟಲ್ಲಿ ಐವತ್ತು ಬದುಕಿದವು. ಸತ್ತ ಜಾಗಕ್ಕೆ ಮತ್ತೆ ನೆಟ್ಟರು. ಮೂರನೇ ವರ್ಷದ ಹೊತ್ತಿಗೆ ಗಿಡಗಳು ಎದೆಯೆತ್ತರ ಬಂದು, ಬೇರುಗಳು ಒಂದಕ್ಕೊಂದು ಹೆಣೆದುಕೊಂಡವು.

ಆ ಮಳೆಗಾಲದಲ್ಲೇ ದೊಡ್ಡ ಬಿರುಗಾಳಿ ಬಂತು. ಎರಡು ದಿನ ಯಾರೂ ದೋಣಿ ಇಳಿಸಲಿಲ್ಲ. ಹುಣ್ಣಿಮೆಯ ಉಬ್ಬರವೂ ಗಾಳಿಯೂ ಒಂದೇ ಬೆಳಿಗ್ಗೆ ಕೂಡಿಬಂದವು. ಮೇಸ್ತ್ರಿ, ಅವನ ಹೆಂಡತಿ, ಅತ್ತಿಗೆ ಮೂವರೂ ಹೊಸ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದರು. ಕೆಸರಕ್ಕನೂ ಗಾಳಿ ಏಳುವ ಮುಂಚೆಯೇ ಬಂದು ಉಳಿದಿದ್ದಳು. ದೂರದಲ್ಲಿ ನೀರು ಬಿಳಿಯಾಗಿ ಎದ್ದು ಬರುವುದು ಕಂಡಿತು. ಬೇಲಿಗೆ ಬಂತು, ಬೇಲಿಯ ಮೇಲೂ ಬಂತು. ಕಾಂಡ್ಲದೊಳಗೆ ನುಗ್ಗಿತು. ಗಿಡಗಳು ಬಗ್ಗಿದವು, ನಡುಗಿದವು. ಎಷ್ಟೋ ಮುಳುಗಿಹೋದವು.

"ಹೋಯ್ತು, ಎಲ್ಲ ಹೋಯ್ತು" ಅಂದ ಮೇಸ್ತ್ರಿ.

"ತಡೀರಿ ಭಾವ."

ಗಿಡಗಳ ಈಚೆಗೆ ನೀರು ಹೊರಬಂತು. ಆದರೆ ಅದು ಓಡಿ ಬರಲಿಲ್ಲ. ನೊರೆ ಇಲ್ಲ, ಸದ್ದಿಲ್ಲ. ಚಾಪೆ ಬಿಚ್ಚಿದ ಹಾಗೆ ಹರಡಿಕೊಂಡು ಬಂದು, ಅತ್ತಿಗೆಯ ಅಂಗಳದ ಅಂಚಿನಲ್ಲಿ ನಿಂತು, ಒಂದು ಗಳಿಗೆಯ ನಂತರ ಮೆಲ್ಲಗೆ ಹಿಂದಕ್ಕೆ ಸರಿಯಿತು. ಗಾಳಿ ನಿಂತ ಮೇಲೆ ಹೋಗಿ ನೋಡಿದರೆ ಬೇಲಿ ಎರಡು ಕಡೆ ಮುರಿದಿತ್ತು, ಐದಾರು ಡಜನ್ ಗಿಡ ಕಿತ್ತುಹೋಗಿದ್ದವು. ದಂಡೆ ಮಾತ್ರ ಇದ್ದಲ್ಲೇ ಇತ್ತು.

ಬೇರುಗಳ ಸಂದಿಯಲ್ಲಿ ನಿಂತ ನೀರಿಗೆ ಅತ್ತಿಗೆ ಕೈ ಹಾಕಿ ಬೊಗಸೆ ಎತ್ತಿದಳು. ಬೊಗಸೆಯಲ್ಲಿ ಗಾಜಿನಂಥ ಸಿಗಡಿ ಮರಿಗಳು ಪಟಪಟ ಹಾರುತ್ತಿದ್ದವು. ಅವಳು ಅದನ್ನು ಮೇಸ್ತ್ರಿಗೆ ತೋರಿಸಿದಳು. ಅವನು ಬಗ್ಗಿ ನೋಡಿದ. ಆಮೇಲೆ ಬೊಗಸೆಯನ್ನು ಹಾಗೇ ನೀರಿಗೆ ಇಳಿಸಿದಳು.

"ಬೆಳ್ಕೊಳ್ಳಿ, ಹೋಗಿ" ಅಂದಳು.

ಮೇಸ್ತ್ರಿ ಈಗ ಪೂರ್ತಿ ನೆಮ್ಮದಿಯಾಗಿದ್ದಾನೆ ಅಂದರೆ ಸುಳ್ಳಾದೀತು. ಸಮುದ್ರದ ಪಕ್ಕ ಬದುಕುವವರಿಗೆ ಪೂರ್ತಿ ನೆಮ್ಮದಿ ಎಲ್ಲಿಯದು? ಮುರಿದ ಬೇಲಿ ಕಟ್ಟಬೇಕು, ಹೊಸ ಸಸಿ ನೆಡಬೇಕು. ಹೊಳೆಯ ತಿರುವಿನಾಚೆ ಇನ್ಯಾರೋ ಕಲ್ಲು ಸುರಿಸಲು ಲಾರಿ ಗೊತ್ತುಮಾಡಿದ್ದಾರೆ ಅಂತ ಸುದ್ದಿ ಬಂದಿತ್ತು. ಗಾಳಿ ನಿಂತ ಎರಡನೇ ದಿನವೇ ಅವನು ಒಂದು ಬಾಣಲಿ, ಒಂದು ಇಟ್ಟಿಗೆ ಚೂರು, ಒಂದು ಹಿಡಿ ಪೊರಕೆ ಕಡ್ಡಿ ದೋಣಿಗೆ ಹಾಕಿಕೊಂಡು ಆ ಕಡೆ ಹೊರಟ.

ಈ ಕಥೆ ಓದುತ್ತಿರುವ, ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯೂ ನೀರಿನ ಪಕ್ಕದಲ್ಲಿದ್ದರೆ ಒಂದು ಮಾತು. ನಿಮ್ಮ ದಂಡೆಯಲ್ಲಿ ಇನ್ನೂ ಕಾಂಡ್ಲ ಉಳಿದಿದ್ದರೆ ಕೊಡಲಿ ತಗುಲಿಸಬೇಡಿ. ನೆಡುವುದಕ್ಕಿಂತ ಉಳಿಸುವುದು ಸುಲಭ. ನೆಡುವುದಾದರೆ ಬಲ್ಲವರನ್ನು ಕೇಳಿ, ಸರಿಯಾದ ಕೆಸರು ಜಾಗಕ್ಕೆ ನೆಡಿ. ನಿಮ್ಮದು ಬರೀ ಮರಳಿನ ತೀರವಾದರೆ ಅಲ್ಲಿ ಕಾಂಡ್ಲ ಬದುಕುವುದಿಲ್ಲ. ಅಲ್ಲಿ ಮರಳ ದಿಬ್ಬವೇ ನಿಮ್ಮ ಕೋಟೆ, ಅದರ ಮೇಲೆ ಹಬ್ಬಿದ ಬಳ್ಳಿಯೇ ಅದನ್ನು ಹಿಡಿದಿಟ್ಟ ಕೈ. ಬಳ್ಳಿ ಕೀಳಬೇಡಿ, ಮರಳು ಎತ್ತಬೇಡಿ, ದಿಬ್ಬವನ್ನೆಲ್ಲ ತುಳಿಯದೆ ನಡೆಯಲು ಎಲ್ಲರೂ ಸೇರಿ ಒಂದೇ ದಾರಿ ಮಾಡಿಕೊಳ್ಳಿ. ನೀರು ತೀರಾ ಹತ್ತಿರ ಬಂದಿದ್ದರೆ ಹಿಂದೆ ಸರಿಯುವುದು ಸೋಲಲ್ಲ. ಹರಿದ ಬಲೆ, ಪ್ಲಾಸ್ಟಿಕ್ಕು ನೀರಿಗೆ ಬೀಳದಂತೆ ನೋಡಿಕೊಳ್ಳಿ. ಒಬ್ಬರ ಕೈಲಾಗುವ ಕೆಲಸವಲ್ಲ ಇದು. ಈ ವಾರ ನಿಮ್ಮ ಸಂಘದ ಸಭೆಯಲ್ಲಿ ಇದೊಂದು ವಿಷಯ ಎತ್ತಿ, ಮುಂದಿನ ಇಳಿತದಲ್ಲಿ ಹತ್ತು ಜನ ಸೇರಿ ದಂಡೆಯುದ್ದ ನಡೆದು ನೋಡಿ.

ಗೋಡೆ ಕಟ್ಟಲೇಬೇಕು ಅಂತ ಮನಸ್ಸು ಅವಸರಪಟ್ಟರೆ, ಮೊದಲ ಕಲ್ಲು ಇಳಿಸುವ ಮುಂಚೆ ಆ ಗೋಡೆ ಮುಗಿಯುವ ತುದಿಗೆ ಹೋಗಿ ನಿಲ್ಲಿ. ಅಲ್ಲಿ ಯಾರ ಮನೆಯ ಒಲೆ ಉರಿಯುತ್ತಿದೆ ಅಂತ ನೋಡಿ.